ಎತ್ತಿದ ಖಡ್ಗವನ್ನು ಇಳಿಸುವ ಶೌರ್ಯ

2017ರ ಡಿಸೆಂಬರಿನಲ್ಲಿ ತೆರೆಗೆ ಬಂದ ‘ದಿ ಲಾಸ್ಟ್ ಜೆಡೈ’ ಚಿತ್ರದ ಕೊನೆಯ ಭಾಗದಲ್ಲಿ, ಮೇಲೆ ಬಿಳಿಯ ಉಪ್ಪಿನ ಪೊರೆಯೂ ಅದರ ಕೆಳಗೆ ನೆತ್ತರ ಬಣ್ಣದ ಮಣ್ಣೂ ಉಳ್ಳ ಕ್ರೇಟ್ ಎಂಬ ಗ್ರಹದ ಬಯಲಿನಲ್ಲಿ, ಫಿನ್ ಎಂಬ ತರುಣನು ತನ್ನ ಹಳೆಯ ವಾಹನವನ್ನು ಶತ್ರುಗಳ ಮಹಾಫಿರಂಗಿಯ ಬಾಯಿಗೇ ನುಗ್ಗಿಸಿ, ತಾನೂ ಅಳಿದು ಅದನ್ನೂ ಅಳಿಸುವೆನೆಂದು ಧಾವಿಸುತ್ತಿರುವಾಗ, ಅವನ ಸಂಗಾತಿಯಾದ ರೋಸ್ ಟೀಕೋ ಓರೆಯಾಗಿ ಬಂದು ತನ್ನ ವಾಹನವನ್ನು ಅವನದಕ್ಕೆ ಅಪ್ಪಳಿಸಿ ಅವನನ್ನು ಆ ಮೃತ್ಯುಪಥದಿಂದ ಆಚೆಗೆ ತಳ್ಳುತ್ತಾಳೆ. ಮುರಿದ ಲೋಹದ ನಡುವೆ ಗಾಯಗೊಂಡು ಬಿದ್ದಿರುವ ಆಕೆ ಅವನಿಗೆ ಹೇಳುವ ಮಾತಿನ ತಾತ್ಪರ್ಯವಿಷ್ಟೆ: ತಮಗೆ ಗೆಲುವು ಬರಬೇಕಾದದ್ದು ದ್ವೇಷಿಸುವುದನ್ನು ಹೊಡೆದುರುಳಿಸುವುದರಿಂದಲ್ಲ, ಪ್ರೀತಿಸುವುದನ್ನು ಕಾಪಾಡಿಕೊಳ್ಳುವುದರಿಂದ. 1977ರಲ್ಲಿ ಜಾರ್ಜ್ ಲ್ಯೂಕಸ್ ಆರಂಭಿಸಿದ ‘ಸ್ಟಾರ್ ವಾರ್ಸ್’ ಕಥಾಮಾಲೆಯು ಅಷ್ಟು ವರ್ಷಗಳ ಕಾಲ ಘಟನೆಗಳ ಮೂಲಕ ಹೇಳುತ್ತ ಬಂದಿದ್ದುದನ್ನು ಈಕೆ ಬಾಯಿಬಿಟ್ಟು ಹೇಳಿದಳೆಂದೇ ನಾನು ತಿಳಿಯುತ್ತೇನೆ.

ಆದರೆ ಆ ಮಾತು ಬಹಳ ಮಂದಿಯ ಅಪಹಾಸ್ಯಕ್ಕೆ ಗುರಿಯಾಯಿತು. ಆಕೆ ಅದನ್ನು ಆಡುತ್ತಿರುವ ಹೊತ್ತಿಗೇ ಹಿನ್ನೆಲೆಯಲ್ಲಿ ಫಿರಂಗಿ ಸಿಡಿದು, ಅವರ ಸಂಗಡಿಗರೆಲ್ಲ ಆಶ್ರಯ ಪಡೆದಿರುವ ಕೋಟೆಯ ಬಾಗಿಲು ಒಡೆದುಹೋಗುತ್ತದೆ. ಒಬ್ಬನನ್ನು ಉಳಿಸಲು ಹೋಗಿ ಉಳಿದವರೆಲ್ಲರನ್ನೂ ಅಪಾಯಕ್ಕೆ ಒಡ್ಡುವ ಪ್ರೀತಿ ಎಂಥ ಪ್ರೀತಿ ಎಂದು ಹಲವರು ಕೇಳಿದರು. ಆಕ್ಷೇಪವು ಹುರುಳಿಲ್ಲದ್ದಲ್ಲ. ಅದೇ ಚಿತ್ರದ ಆರಂಭದಲ್ಲಿ ರೋಸಳ ಅಕ್ಕ ಪೇಜ್, ಬಾಂಬುಗಳನ್ನು ಕೆಡಹುವ ಸಾಧನವನ್ನು ಪ್ರಾಣ ಹೋಗುವ ಗಳಿಗೆಯಲ್ಲಿ ಹೇಗೋ ಕೈಗೆ ತಂದುಕೊಂಡು ಒತ್ತಿ, ಶತ್ರುನೌಕೆಯೊಡನೆ ತಾನೂ ಉರಿದುಹೋಗಿದ್ದಾಳೆ. ನಡುವೆ ಹೋಲ್ಡೋ ಎಂಬ ಸೇನಾಧಿಕಾರಿಣಿ ತನ್ನವರೆಲ್ಲರನ್ನೂ ಸಣ್ಣ ದೋಣಿಗಳಲ್ಲಿ ಕಳುಹಿಸಿಕೊಟ್ಟು, ಬರಿದಾದ ಹಡಗಿನಲ್ಲಿ ಒಬ್ಬಳೇ ನಿಂತು, ಅದನ್ನು ಬೆಳಕಿನ ವೇಗದಲ್ಲಿ ಶತ್ರುವಿನ ಹಡಗಿಗೆ ನುಗ್ಗಿಸಿ ಮಡಿದಿದ್ದಾಳೆ. ಈ ಇಬ್ಬರ ಮರಣಕ್ಕೆ ಚಿತ್ರ ತಲೆಬಾಗುತ್ತದೆ. ಫಿನ್ ಅದನ್ನೇ ಮಾಡಹೊರಟರೆ ತಡೆಯುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಕೃತ್ಯ. ನಿರ್ದೇಶಕ ರಯಾನ್ ಜಾನ್ಸನ್ ಈ ಭೇದವನ್ನು ಇನ್ನಷ್ಟು ಸ್ಪಷ್ಟಗೊಳಿಸಬಹುದಾಗಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಭೇದವಂತೂ ಉಂಟು. ಪೇಜ್ ಮತ್ತು ಹೋಲ್ಡೋ ಇಬ್ಬರ ಲಕ್ಷ್ಯವೂ ತಮ್ಮ ಬೆನ್ನ ಹಿಂದೆ ಇರುವವರ ಮೇಲಿತ್ತು. ಅವರು ಪಾರಾಗಬೇಕು ಎಂಬುದಷ್ಟೇ ಆ ಸಾವುಗಳ ಪ್ರಯೋಜನ. ಫಿನ್ನನಾದರೋ ಹಿಂದಿರುಗೆಂಬ ನಾಯಕನ ಆಜ್ಞೆಯನ್ನು ಕೇಳಿಯೂ ಕೇಳದೆ, ಫಿರಂಗಿಯ ಕಾವಿಗೆ ವಾಹನವೇ ಕರಗುತ್ತಿರುವುದನ್ನು ಕಂಡೂ ಕಾಣದೆ, ಎದುರಿಗಿರುವವರು ಗೆಲ್ಲಬಾರದೆಂಬ ಒಂದೇ ಹಟದಿಂದ ಧಾವಿಸುತ್ತಿದ್ದನು. ಅವನ ಕಣ್ಣು ಪೂರ್ತಿಯಾಗಿ ಶತ್ರುವಿನ ವಶವಾಗಿತ್ತು.

ಲ್ಯೂಕಸ್ ಈ ಕಥೆಯನ್ನು ಕಟ್ಟಿದ ಕಾಲವನ್ನು ಇಲ್ಲಿ ನೆನೆಯಬೇಕು. ವಿಯೆಟ್ನಾಂ ಯುದ್ಧದ ಕುರಿತಾದ ‘ಅಪೊಕ್ಯಾಲಿಪ್ಸ್ ನೌ’ ಚಿತ್ರವನ್ನು ಮೊದಲು ನಿರ್ದೇಶಿಸಬೇಕಾಗಿದ್ದವರು ಅವರೇ. ಅದು ಮುಂದೆ ಕೊಪೊಲಾ ಅವರ ಕೈಸೇರಿ 1979ರಲ್ಲಿ ಹೊರಬಂದಿತು. ಯಂತ್ರಬಲದಿಂದ ಬೀಗಿದ ಸಾಮ್ರಾಜ್ಯವನ್ನು ಕಾಡಿನ ಬಡ ಜನ ಎದುರಿಸಿ ನಿಲ್ಲುವ ಕಲ್ಪನೆಗೆ ಆ ಯುದ್ಧವೇ ಪ್ರೇರಣೆಯೆಂದು ಲ್ಯೂಕಸ್ ಹೇಳಿಕೊಂಡಿದ್ದಾರೆ. ಕುರೋಸಾವಾ ಅವರ 1958ರ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರದಿಂದಲೂ, ಜಗತ್ತಿನ ಪುರಾಣಗಳ ವೀರರನ್ನು ಕುರಿತ ಜೋಸೆಫ್ ಕ್ಯಾಂಪ್‌ಬೆಲ್ಲರ ಗ್ರಂಥದಿಂದಲೂ ಅವರು ಎರವಲು ಪಡೆದದ್ದು ಪ್ರಸಿದ್ಧವೇ ಆಗಿದೆ. ಇಷ್ಟೆಲ್ಲ ಸಾಮಗ್ರಿಯಿಂದ ಒಂದು ಸೇಡಿನ ಕಥೆಯನ್ನು ಹೆಣೆಯುವುದು ಅತ್ಯಂತ ಸುಲಭವಾಗಿತ್ತು. ಸಾಕಿ ಬೆಳೆಸಿದ ಚಿಕ್ಕಪ್ಪ ಚಿಕ್ಕಮ್ಮಂದಿರ ಸುಟ್ಟ ದೇಹಗಳು ಮನೆಯ ಬಾಗಿಲಲ್ಲಿ ಬಿದ್ದಿರುವುದನ್ನು ಮೊದಲ ಚಿತ್ರದ ನಾಯಕ ಲ್ಯೂಕ್ ಸ್ಕೈವಾಕರ್ ಕಣ್ಣಾರೆ ಕಾಣುತ್ತಾನೆ. ತಂದೆಯನ್ನು ಕೊಂದವನು ಸಾಮ್ರಾಜ್ಯದ ಪಕ್ಷದ ಡಾರ್ತ್ ವೇಡರ್ ಎಂಬ ಮಾತನ್ನು ಅದಕ್ಕೂ ಮುನ್ನವೇ ಕೇಳಿದ್ದಾನೆ. ಆದರೂ ಅವನ ಬಾಯಿಂದ ಪ್ರತಿಜ್ಞೆಯ ಮಾತು ಹೊರಡುವುದಿಲ್ಲ. ತಂದೆಯಂತೆ ಜೆಡೈ ಯೋಧನಾಗಬೇಕೆಂದು ಹೊರಡುತ್ತಾನೆ, ಸೆರೆಯಲ್ಲಿರುವ ಒಬ್ಬ ರಾಜಕುಮಾರಿಯನ್ನು ಬಿಡಿಸಲು ಹೋಗುತ್ತಾನೆ. ಕೂಲಿಗಾಗಿ ಬಂದ ಹ್ಯಾನ್ ಸೋಲೋ ಕೂಲಿಯನ್ನು ಎಣಿಸಿಕೊಂಡು ಹೊರಟುಹೋದವನು, ಕಡೆಯ ಗಳಿಗೆಯಲ್ಲಿ ಹಿಂದಿರುಗಿ ಬಂದು ಗೆಳೆಯನ ಬೆನ್ನು ಕಾಯುವುದೂ ಸಾಮ್ರಾಜ್ಯದ ಮೇಲಿನ ಹಗೆಯಿಂದಲ್ಲ. ಆ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಅದು.

ಆದರೆ ಈ ಕಥಾಮಾಲೆಯ ತಿರುಳು ಇರುವುದು 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಸಿಂಹಾಸನ ಭವನದಲ್ಲಿ. ವೇಡರನೇ ತನ್ನ ತಂದೆಯೆಂದು ಅಷ್ಟರಲ್ಲಿ ಲ್ಯೂಕನಿಗೆ ತಿಳಿದಿದೆ. ತಂದೆಯನ್ನು ಕೊಲ್ಲಲಾರೆನೆಂದು ಅವನು ಹೇಳಿದಾಗ, ಹಾಗಾದರೆ ಚಕ್ರವರ್ತಿಯು ಈಗಾಗಲೇ ಗೆದ್ದಂತೆಯೇ ಎಂದು ಅವನ ಗುರು ಓಬಿ-ವಾನ್ ಕೆನೋಬಿ ನಿಟ್ಟುಸಿರಿಡುತ್ತಾನೆ. ಗುರುಗಳಿಗೂ ಬೇರೊಂದು ದಾರಿ ಹೊಳೆದಿರಲಿಲ್ಲವೆಂಬುದು ಗಮನಾರ್ಹವಾದುದು. ಲ್ಯೂಕ್ ತಾನಾಗಿಯೇ ಶರಣಾಗಿ ತಂದೆಯ ಎದುರು ನಿಲ್ಲುತ್ತಾನೆ. ಚಕ್ರವರ್ತಿ ಪಾಲ್ಪಟೀನನು ಅವನ ಮೇಲೆ ಕೈಮಾಡುವುದಿಲ್ಲ. ಅವನ ಆಯುಧವನ್ನು ಅವನಿಗೆ ನಿಲುಕುವಷ್ಟು ಸಮೀಪದಲ್ಲಿರಿಸಿ, ಗೆಳೆಯರ ನೌಕೆಗಳು ಒಂದೊಂದಾಗಿ ಉರಿದುಹೋಗುವುದನ್ನು ಗವಾಕ್ಷದಲ್ಲಿ ತೋರಿಸಿ, ನಿನ್ನ ದ್ವೇಷಕ್ಕೆ ದಾರಿಬಿಡು ಎಂದು ಮೃದುವಾಗಿ ಪ್ರೇರೇಪಿಸುತ್ತ ಕೂರುತ್ತಾನೆ. ಖಳನಾದವನು ವೀರನನ್ನು ವೀರಕೃತ್ಯಕ್ಕೆ ಹುರಿದುಂಬಿಸುವ ಇಂಥ ಸನ್ನಿವೇಶ ಜನಪ್ರಿಯ ಚಿತ್ರಗಳಲ್ಲಿ ವಿರಳ. ತನ್ನನ್ನು ಕೊಂದರೂ ಅವನಿಗೆ ಚಿಂತೆಯಿಲ್ಲ. ಕೊಂದವನು ತನ್ನಂತೆಯೇ ಆದರೆ ಸಾಕು, ಅವನ ರಾಜ್ಯಕ್ಕೆ ಉತ್ತರಾಧಿಕಾರಿ ದೊರೆತಂತಾಯಿತು. ಲ್ಯೂಕ್ ಸಹಿಸಿಕೊಳ್ಳುತ್ತಾನೆ, ಸೋತು ಹೋರಾಡುತ್ತಾನೆ, ಮತ್ತೆ ತಡೆದುಕೊಂಡು ಕತ್ತಲೆಯಲ್ಲಿ ಅಡಗುತ್ತಾನೆ. ಆಗ ವೇಡರನು ಅವನ ಮನಸ್ಸಿನಲ್ಲಿ ತಂಗಿಯೊಬ್ಬಳ ಇರವನ್ನು ಅರಿತು, ನೀನು ನಮ್ಮ ಕಡೆಗೆ ಬಾರದಿದ್ದರೆ ಅವಳನ್ನು ಸೆಳೆದುಕೊಳ್ಳುವೆವು ಎಂದುಬಿಡುತ್ತಾನೆ. ಅದುವರೆಗೂ ತಡೆದಿದ್ದ ಕಟ್ಟೆ ಒಡೆದು, ಲ್ಯೂಕ್ ಹುಚ್ಚನಂತೆ ಮೇಲೆರಗಿ ತಂದೆಯ ಬಲಗೈಯನ್ನು ಕಡಿದು ಕೆಡಹುತ್ತಾನೆ. ಕಡಿದುಬಿದ್ದ ಕೈ ಯಂತ್ರದ ಕೈ. ತನ್ನ ಕೈಯನ್ನು ನೋಡಿಕೊಳ್ಳುತ್ತಾನೆ. ಹಿಂದೊಮ್ಮೆ ಇದೇ ತಂದೆ ಕಡಿದುಹಾಕಿದ್ದರಿಂದ ಅದೂ ಯಂತ್ರದ್ದೇ. ಅಲ್ಲಿಗೆ ಅವನು ಆಯುಧವನ್ನು ಎಸೆದುಬಿಡುತ್ತಾನೆ. ಚಕ್ರವರ್ತಿಯು ಕೈಬೆರಳುಗಳಿಂದ ಮಿಂಚನ್ನು ಸುರಿಸಿ ಅವನನ್ನು ಕೊಲ್ಲತೊಡಗಿದಾಗ, ಮಗನ ಆರ್ತನಾದವನ್ನು ಕೇಳಲಾರದೆ ವೇಡರನೇ ಚಕ್ರವರ್ತಿಯನ್ನು ಎತ್ತಿ ಪ್ರಪಾತಕ್ಕೆಸೆದು, ಆ ಕಾರ್ಯದಲ್ಲೇ ತಾನೂ ಮಡಿಯುತ್ತಾನೆ.

ಈ ಪ್ರಸಂಗವನ್ನು ಪ್ರೀತಿಯು ದ್ವೇಷವನ್ನು ಗೆದ್ದ ಕಥೆಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಅಷ್ಟು ಸರಳವಾಗಿ ಸಾಗಬಾರದೆಂಬುದು ನನ್ನ ವಾದ. ಲ್ಯೂಕನ ಆ ಉನ್ಮತ್ತ ಕ್ರೋಧ ಹುಟ್ಟಿದ್ದೇ ಪ್ರೀತಿಯಿಂದ. ತಂಗಿಯ ಹೆಸರು ಬಾರದಿದ್ದರೆ ಅವನು ಕತ್ತಲೆಯಿಂದ ಹೊರಬರುತ್ತಲೇ ಇರಲಿಲ್ಲ. ಕೈಯನ್ನು ಕಡಿಸಿದ ಪ್ರೀತಿಯೂ ಕೈಯಲ್ಲಿದ್ದುದನ್ನು ಎಸೆಸಿದ ಪ್ರೀತಿಯೂ ಒಂದೇ ಹೃದಯದಲ್ಲಿ, ಕೆಲವೇ ಕ್ಷಣಗಳ ಅಂತರದಲ್ಲಿ ಇದ್ದುವು. ಆದುದರಿಂದ ವೀರನ ಎದೆಯಲ್ಲಿ ಪ್ರೀತಿಯಿದೆಯೋ ಇಲ್ಲವೋ ಎಂಬುದಕ್ಕಿಂತ, ಆ ಪ್ರೀತಿಗೆ ನಿಲ್ಲತಕ್ಕ ಸ್ಥಳ ತಿಳಿದಿದೆಯೋ ಇಲ್ಲವೋ ಎಂಬುದೇ ಹಿರಿದಾದ ಪ್ರಶ್ನೆ. ದ್ವೇಷಕ್ಕಾದರೋ ಆ ಸ್ಥಳವೇ ಇಲ್ಲ. ಶತ್ರು ಬಿದ್ದ ಮೇಲೂ ಅದಕ್ಕೆ ಶತ್ರು ಬೇಕು, ಏಕೆಂದರೆ ಅವನಿಲ್ಲದೆ ಅದಕ್ಕೆ ಬಾಳುವೆಯಿಲ್ಲ.

ಗೆದ್ದ ಗಳಿಗೆಯಲ್ಲಿ ಕೈತಡೆದ ವೀರನ ಚಿತ್ರ ನಮಗೆ ಹೊಸದಲ್ಲ. ಕ್ರಿ.ಶ. 941ರಲ್ಲಿ ಪಂಪನು ‘ಆದಿಪುರಾಣ’ದಲ್ಲಿ ನಿಲ್ಲಿಸಿದ ಬಾಹುಬಲಿ, ದೃಷ್ಟಿಯುದ್ಧ ಜಲಯುದ್ಧಗಳಲ್ಲಿ ಅಣ್ಣನನ್ನು ಗೆದ್ದು, ಮಲ್ಲಯುದ್ಧದಲ್ಲಿ ಅವನನ್ನು ಮೇಲಕ್ಕೆತ್ತಿದವನು, ನೆಲಕ್ಕಪ್ಪಳಿಸದೆ ಗೌರವದಿಂದ ಇಳಿಸುತ್ತಾನೆ. ಆದರೆ ಈ ಹೋಲಿಕೆಯಲ್ಲಿ ಒಂದು ಅಂತರವೂ ಉಂಟು. ಬಾಹುಬಲಿಯ ಕಣ್ಣು ತೆರೆದದ್ದು ವೈರಾಗ್ಯಕ್ಕೆ. ಅಣ್ಣತಮ್ಮಂದಿರನ್ನು ಹಗೆಗಳನ್ನಾಗಿಸುವ ರಾಜ್ಯಲಕ್ಷ್ಮಿಯನ್ನು ತೊರೆದು ಅವನು ಕಾಡಿಗೆ ನಡೆದನು. ಲ್ಯೂಕ್ ಏನನ್ನೂ ತೊರೆಯುವುದಿಲ್ಲ. ಅವನಿಗೆ ತಂದೆ ಬೇಕು. ಬೇಕೆಂಬ ಆ ಹಂಬಲವನ್ನು ಕಳೆದುಕೊಳ್ಳದೆಯೇ ಆಯುಧವನ್ನು ಮಾತ್ರ ಬಿಡುತ್ತಾನೆ. ಸಂಸಾರಿಯಾದವನಿಗೆ ಎರಡನೆಯದೇ ಕಠಿಣತರವಾದ ಸಾಧನೆಯೆಂದು ನನಗೆ ತೋರುತ್ತದೆ.

ಅದು ಎಷ್ಟು ಕಠಿಣವೆಂಬುದನ್ನು ಲ್ಯೂಕಸ್ ಮುಂದೆ ಲ್ಯೂಕನ ತಂದೆಯ ಪೂರ್ವಕಥೆಯಲ್ಲಿ ತೋರಿಸಿದರು. 1999ರಿಂದ 2005ರವರೆಗೆ ಬಂದ ಆ ಮೂರು ಚಿತ್ರಗಳಲ್ಲಿ ಸಂಭಾಷಣೆ ಕೃತಕವಾಯಿತು, ನಟನೆ ಮರಗಟ್ಟಿತು ಎಂಬ ದೂರುಗಳಲ್ಲಿ ಸತ್ಯವಿದೆ. ಆದರೆ ಅವುಗಳ ಕಥಾವಸ್ತುವಿನ ಗಾಂಭೀರ್ಯಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಅನಾಕಿನ್ ಸ್ಕೈವಾಕರ್ ಮುಂದೆ ವೇಡರನಾಗುವುದು ಪ್ರೀತಿಯ ಅಭಾವದಿಂದಲ್ಲ. ದಾಸ್ಯದಲ್ಲಿ ಬಿಟ್ಟುಬಂದ ತಾಯಿಯನ್ನು ಮರುಭೂಮಿಯ ದರೋಡೆಕೋರರು ಹಿಂಸಿಸಿದ್ದರಿಂದ ಆಕೆ ಅವನ ತೋಳುಗಳಲ್ಲೇ ಪ್ರಾಣಬಿಟ್ಟಾಗ, ಅವನು ಆ ಪಾಳೆಯದ ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕಡಿದುಹಾಕುತ್ತಾನೆ. ಗರ್ಭಿಣಿಯಾದ ಹೆಂಡತಿ ಪದ್ಮೆ ಹೆರಿಗೆಯಲ್ಲಿ ಸಾಯುವಳೆಂಬ ಕನಸು ಅವನನ್ನು ಕಾಡುತ್ತದೆ. ಕಳೆದುಕೊಳ್ಳಲು ಅಂಜುವುದನ್ನೆಲ್ಲ ಬಿಡಲು ಕಲಿ ಎಂಬ ಜೆಡೈ ಗುರು ಯೋಡನ ಉಪದೇಶ ಎಳೆಯ ಗಂಡನೊಬ್ಬನ ಕಿವಿಗೆ ತಣ್ಣಗಿನ ಕಲ್ಲಿನಂತೆ ಬೀಳುತ್ತದೆ. ಮರಣವನ್ನು ತಡೆಯುವ ವಿದ್ಯೆಯನ್ನು ಕೊಡುವೆನೆಂದು ಪಾಲ್ಪಟೀನನು ಆಸೆ ತೋರಿಸಿದಾಗ ಅನಾಕಿನ್ ಕಡೆಗೆ ಅವನ ಕಾಲಿಗೆ ಬೀಳುತ್ತಾನೆ. ಆಮೇಲೆ ಗುರುಕುಲಕ್ಕೆ ನುಗ್ಗಿ ಕಲಿಯುವ ಮಕ್ಕಳನ್ನು ಕೊಲ್ಲುವುದಕ್ಕೂ ಹಿಂಜರಿಯುವುದಿಲ್ಲ. ಕಟ್ಟಕಡೆಗೆ, ಯಾರನ್ನು ಉಳಿಸಲೆಂದು ಇದನ್ನೆಲ್ಲ ಮಾಡಿದನೋ ಅವಳೇ ಅವನ ಮಾತಿಗೆ ಒಪ್ಪದಿದ್ದಾಗ, ಮಂತ್ರಶಕ್ತಿಯಿಂದ ಅವಳ ಕೊರಳನ್ನೇ ಬಿಗಿಯುತ್ತಾನೆ. ಅವಳು ಅವಳಿ ಮಕ್ಕಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ತನ್ನದೆಂಬ ಹಿಡಿತವನ್ನು ಎಂದೂ ಸಡಿಲಿಸದ ಪ್ರೀತಿ ಹೆಜ್ಜೆಹೆಜ್ಜೆಯಾಗಿ ಎಲ್ಲಿಗೆ ಹೋಗಿ ಮುಟ್ಟೀತೆಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಜನಪ್ರಿಯ ಚಿತ್ರಗಳು ಹೆಚ್ಚಿಲ್ಲ.

ಬೇರೆ ಗಗನಕಥೆಗಳಲ್ಲಿಯೂ ಈ ವಸ್ತು ಬಂದಿದೆ. 1982ರ ‘ಸ್ಟಾರ್ ಟ್ರೆಕ್’ ಚಿತ್ರದ ಖಾನ್, ಸತ್ತ ಹೆಂಡತಿಯ ದುಃಖವನ್ನು ಹಗೆಯಾಗಿ ಬೆಳೆಸಿಕೊಂಡು, ಹಡಗೂ ಸ್ವಾತಂತ್ರ್ಯವೂ ಕೈಸೇರಿದ ಮೇಲೂ ವೈರಿಯಾದ ಕರ್ಕನ ಬೆನ್ನು ಬಿಡಲೊಲ್ಲದೆ ತನ್ನವರೆಲ್ಲರೊಡನೆ ನಾಶವಾಗುತ್ತಾನೆ. ಅದೇ ಚಿತ್ರದಲ್ಲಿ ಭಾವನೆಗಳನ್ನು ಅಡಗಿಸಿ ಬಾಳುವ ಸ್ಪಾಕ್, ವಿಷಕಿರಣಗಳು ತುಂಬಿದ ಕೋಣೆಯನ್ನು ತಾನಾಗಿ ಹೊಕ್ಕು ಸಂಗಡಿಗರನ್ನು ಉಳಿಸುತ್ತಾನೆ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆಗೆ ಉತ್ತರಿಸಬೇಕಾಗಿದೆ. ತುಳಿತಕ್ಕೆ ಒಳಗಾದವರಿಗೆ ಪ್ರೀತಿಯ ಉಪದೇಶ ಮಾಡುವುದು ತುಳಿಯುವವರಿಗೆ ಅನುಕೂಲವಲ್ಲವೆ? ಅನ್ಯಾಯವನ್ನು ಕಂಡು ಉರಿಯದ ಎದೆಯಿಂದ ಯಾವ ಬಿಡುಗಡೆ ಬಂದೀತು? ಉರಿಯಬೇಕು, ನಿಜ, ಉರಿಯದ ಪ್ರೀತಿಯನ್ನು ನಾನು ಪ್ರೀತಿಯೆನ್ನಲಾರೆ. ಆದರೆ ಅನ್ಯಾಯ ನಿಲ್ಲಲೆಂದು ಎದ್ದ ಸಿಟ್ಟು, ಅದು ನಿಂತೊಡನೆ ತನ್ನ ಕೆಲಸ ಮುಗಿಯಿತೆಂದು ಆರುತ್ತದೆ; ಮಾಡಿದವನ ಮೇಲೆ ನೆಟ್ಟ ಹಗೆ ಆರದು. ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದ 2016ರ ‘ರೋಗ್ ವನ್’ ಚಿತ್ರವು ಈ ಅಂತರವನ್ನು ಉಪದೇಶವಿಲ್ಲದೆ, ಬರಿಯ ನಡತೆಯಿಂದ ತೋರಿಸುತ್ತದೆ. ಜಿನ್ ಅರ್ಸೋ ಎಂಬ ಹುಡುಗಿಯ ತಾಯಿಯನ್ನು ಕೊಂದವರು ಸಾಮ್ರಾಜ್ಯದವರು. ತಂದೆ ಗೇಲೆನ್ ಸತ್ತದ್ದು ಬಂಡಾಯಗಾರರದೇ ಬಾಂಬಿನಿಂದ. ಎರಡು ಪಕ್ಷಗಳನ್ನೂ ದ್ವೇಷಿಸಲು ಅವಳಿಗೆ ಕಾರಣವುಂಟು. ಆ ತಂದೆಯನ್ನು ಗುಟ್ಟಾಗಿ ಕೊಲ್ಲಲು ಆಜ್ಞೆ ಪಡೆದಿದ್ದ ಕ್ಯಾಸಿಯನ್ ಆಂಡೋರ್, ಗುರಿಯಿಟ್ಟವನು ಕಡೆಗೆ ಗುಂಡು ಹಾರಿಸಲಾರದೆ ಹೋಗಿದ್ದಾನೆ. ಕೊನೆಯಲ್ಲಿ, ಗ್ರಹಗಳನ್ನೇ ಪುಡಿಮಾಡುವ ಡೆತ್ ಸ್ಟಾರ್ ಎಂಬ ಯಂತ್ರದ ನಕಾಶೆಯನ್ನು ಎತ್ತರದ ಗೋಪುರದಿಂದ ತಮ್ಮವರಿಗೆ ಕಳುಹಿಸಿಯಾದ ಮೇಲೆ, ತಾಯಿಯ ಸಾವಿಗೆ ಕಾರಣನಾದ ಕ್ರೆನಿಕ್ ಗಾಯಗೊಂಡು ಅಲ್ಲೇ ಬಿದ್ದಿರುವುದನ್ನು ಕಂಡು ಜಿನ್ ಅವನ ಕಡೆಗೆ ನುಗ್ಗುತ್ತಾಳೆ. ಕ್ಯಾಸಿಯನ್ ಅವಳನ್ನು ತಡೆದು, ಬಿಡು ಎನ್ನುತ್ತಾನೆ. ಅವಳು ಬಿಡುತ್ತಾಳೆ. ತಂದೆಯು ಪ್ರಾಣವನ್ನು ಪಣಕ್ಕಿಟ್ಟು ಆರಂಭಿಸಿದ ಕೆಲಸ ಮುಗಿದಿದೆ. ಉಳಿದ ಅರೆಗಳಿಗೆಯನ್ನು ಕ್ರೆನಿಕ್‌ಗೆ ಕೊಡಲು ಅವಳಿಗೆ ಇಷ್ಟವಿಲ್ಲ. ಯುದ್ಧದ ಅಬ್ಬರದ ನಡುವೆ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋಗುವ ಈ ಕ್ಷಣವನ್ನು ನಾನು ಸಿಂಹಾಸನ ಭವನದ ಸನ್ನಿವೇಶದ ಪಕ್ಕದಲ್ಲೇ ಇರಿಸುತ್ತೇನೆ.

ಚಿತ್ರದೊಳಗಣ ಈ ವಿವೇಕ ಚಿತ್ರದ ಅಭಿಮಾನಿಗಳಿಗೆ ಸಂಕ್ರಮಿಸಲಿಲ್ಲವೆಂಬುದು ವ್ಯಥೆಯ ಸಂಗತಿ. ರೋಸಳ ಪಾತ್ರವನ್ನು ಧರಿಸಿದ ಕೆಲ್ಲಿ ಮೇರಿ ಟ್ರಾನ್, ಯುದ್ಧದ ಕಾರಣದಿಂದ ವಿಯೆಟ್ನಾಮನ್ನು ಬಿಟ್ಟು ಅಮೆರಿಕಕ್ಕೆ ಬಂದ ನಿರಾಶ್ರಿತರ ಮಗಳು. ಸಾಮಾಜಿಕ ಜಾಲತಾಣಗಳಲ್ಲಿ ಆಕೆಯ ರೂಪ, ಜನಾಂಗ, ಸ್ತ್ರೀತ್ವಗಳ ಮೇಲೆ ತಿಂಗಳುಗಟ್ಟಲೆ ಸುರಿದ ನಿಂದೆಯ ತರುವಾಯ, 2018ರ ಜೂನಿನಲ್ಲಿ ಆಕೆ ಇನ್‌ಸ್ಟಾಗ್ರಾಮಿನಿಂದ ತಮ್ಮ ಬರಹ ಚಿತ್ರಗಳನ್ನೆಲ್ಲ ಅಳಿಸಿಹಾಕಿದರು. ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಬರೆದು, ತಾನು ಕುಗ್ಗಿ ಮರೆಯಾಗುವವಳಲ್ಲವೆಂದು ಸ್ಪಷ್ಟಪಡಿಸಿದರು. ವಿಯೆಟ್ನಾಮಿನ ಜನರ ಧೈರ್ಯದಿಂದ ಪ್ರೇರಣೆ ಪಡೆದ ಕಥೆಯೊಂದರ ಹೆಸರಿನಲ್ಲಿ, ಆ ನೆಲದ ದಂಪತಿಗಳ ಮಗಳಿಗೆ ಆ ಕಥೆಯನ್ನು ಪ್ರೀತಿಸುವೆವೆಂದು ಹೇಳಿಕೊಳ್ಳುವವರು ಹೀಗೆ ಮಾಡಿದರು. ಅವರ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ಬಾಲ್ಯದಲ್ಲಿ ಕಂಡ ಚಿತ್ರ ತಮ್ಮದು, ಅದು ಇದ್ದಂತೆಯೇ ಇರಬೇಕು, ಅದರ ಒಂದು ಕೂದಲು ಕೊಂಕಿದರೂ ಕೊಂಕಿಸಿದವರನ್ನು ಬಿಡಬಾರದು ಎಂಬ ಆ ಹಿಡಿತ ಅನಾಕಿನನದೇ ಹಿಡಿತ. ಇನ್ನೂ ಬೇಸರದ ಸಂಗತಿಯೆಂದರೆ, 2019ರಲ್ಲಿ ಬಂದ ಮುಂದಿನ ಚಿತ್ರದಲ್ಲಿ ರೋಸಳ ಪಾತ್ರವನ್ನು ತೀರ ಕುಗ್ಗಿಸಲಾಯಿತು. ಕೂಗಿದವರು ಗೆದ್ದಂತೆಯೇ ಅದು ನೋಡುವವರಿಗೆ ಕಂಡಿತು.

ಚಿತ್ರಗಳ ಮೇಲೂ ನನ್ನದೊಂದು ದೂರು ಉಂಟು. ವೇಡರನಿಗೆ ಕ್ಷಮೆ ದೊರೆತದ್ದು ಅವನು ತಂದೆಯಾದುದರಿಂದ. ಆ ತಂದೆಯ ಆಜ್ಞೆಯಲ್ಲಿ ನಿಂತ, ಬಿಳಿಯ ಮುಖವಾಡ ತೊಟ್ಟ ಸೈನಿಕರು ಸಾವಿರ ಸಾವಿರವಾಗಿ ಸತ್ತರೂ ಅವರಿಗೆ ಒಂದು ಮುಖವೂ ಇಲ್ಲ, ಹೆಸರೂ ಇಲ್ಲ. ಡೆತ್ ಸ್ಟಾರ್ ಎರಡು ಬಾರಿ ಸಿಡಿದಾಗಲೂ ನಮಗೆ ಚಪ್ಪಾಳೆ ತಟ್ಟುವುದಕ್ಕಷ್ಟೇ ಅವಕಾಶ. ಈ ಮಾಲೆಯ 2015ರ ಚಿತ್ರ ಈ ಮುಖವಾಡವನ್ನು ಸರಿಸುವ ಧೈರ್ಯವನ್ನು ಮೊದಲಲ್ಲಿ ತೋರಿಸಿತು. ಸಾಯುತ್ತಿರುವ ಜೊತೆಗಾರನೊಬ್ಬ ನೆತ್ತರಿನ ಕೈಯಿಂದ ತಡವಿದಾಗ ಮುಖವಾಡದ ಮೇಲೆ ಕೆಂಪು ಗುರುತು ಮೂಡಿದ ಒಬ್ಬ ಸೈನಿಕ, ಹಳ್ಳಿಗರ ಮೇಲೆ ಗುಂಡು ಹಾರಿಸಲೊಲ್ಲದೆ ನಿಲ್ಲುತ್ತಾನೆ. ಅದುವರೆಗೂ ಹೆಸರಿಲ್ಲದೆ ಒಂದು ಸಂಖ್ಯೆಯಾಗಿದ್ದ ಅವನೇ ಫಿನ್. ಆದರೆ ಅನತಿಕಾಲದಲ್ಲಿಯೇ ಅವನು ನಿನ್ನೆಯವರೆಗಿನ ತನ್ನ ಜೊತೆಗಾರರನ್ನು ಉತ್ಸಾಹದಿಂದ ಹೊಡೆದುರುಳಿಸುತ್ತಾನೆ, ಚಿತ್ರವೂ ಅದನ್ನು ಉತ್ಸಾಹದಿಂದಲೇ ತೋರಿಸುತ್ತದೆ. ಅವರಲ್ಲಿ ಎಷ್ಟು ಮಂದಿ ತನ್ನಂತೆ ಕಂದಮ್ಮಗಳಾಗಿದ್ದಾಗಲೇ ಕದ್ದೊಯ್ಯಲ್ಪಟ್ಟವರೆಂಬ ಯೋಚನೆ ಅವನಿಗೂ ಬರುವುದಿಲ್ಲ, ಅವನ ಕಥೆಯನ್ನು ಬರೆದವರಿಗೂ ಬರುವುದಿಲ್ಲ.

ಅಥವಾ ಒಮ್ಮೆ ಮಾತ್ರ ಬಂತೆನ್ನಬೇಕು. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಚಿತ್ರದಲ್ಲಿ, ಎರಡನೆಯ ಡೆತ್ ಸ್ಟಾರಿನ ಭಗ್ನಾವಶೇಷ ಬಿದ್ದಿರುವ ಕಡಲಿನ ದಡದಲ್ಲಿ ಫಿನ್ನನಿಗೆ ಜಾನಾ ಎಂಬ ತರುಣಿ ಎದುರಾಗುತ್ತಾಳೆ. ಅವಳೂ ಅವಳ ಸಂಗಡಿಗರೂ ಹಿಂದೆ ಅವನಂತೆಯೇ ಮುಖವಾಡದ ಸೈನಿಕರು. ನಿರಾಯುಧ ಜನರ ಮೇಲೆ ಗುಂಡು ಹಾರಿಸಿರೆಂಬ ಆಜ್ಞೆ ಬಂದಾಗ, ಒಬ್ಬರಿಬ್ಬರಲ್ಲ, ಇಡೀ ತುಕಡಿಯೇ ಆಯುಧಗಳನ್ನು ಕೆಳಗಿಟ್ಟಿತೆಂದು ಅವಳು ಹೇಳುತ್ತಾಳೆ. ಗುರುಗಳ ಬೋಧೆಯಿಲ್ಲ, ರಾಜವಂಶದ ರಕ್ತವಿಲ್ಲ, ಉಳಿಸಲು ತಂದೆಯೋ ತಂಗಿಯೋ ಎದುರಿಗಿಲ್ಲ. ಹೆಸರು ಗೊತ್ತಿಲ್ಲದ ಪರರ ಜೀವಕ್ಕಾಗಿ ಒಂದು ತುಕಡಿಗೆ ತುಕಡಿಯೇ ಲ್ಯೂಕ್ ಮಾಡಿದುದನ್ನು ಮಾಡಿತು. ಇದನ್ನು ಚಿತ್ರ ಕೆಲವು ಮಾತುಗಳಲ್ಲಿ ಮುಗಿಸಿ, ಮತ್ತೆ ಬದುಕಿಬಂದ ಅದೇ ಚಕ್ರವರ್ತಿಯನ್ನು ಕೊಲ್ಲುವ ಗಡಿಬಿಡಿಗೆ ಓಡುತ್ತದೆ. ಅಂದು ಯಾರು ಮೊದಲು ಬಂದೂಕನ್ನು ನೆಲಕ್ಕಿಟ್ಟರು, ಪಕ್ಕದಲ್ಲಿದ್ದವನು ಅದನ್ನು ಕಂಡು ಏನೆಂದುಕೊಂಡ, ಅಲ್ಲಿಂದ ಅವರೆಲ್ಲ ಹೇಗೆ ತಪ್ಪಿಸಿಕೊಂಡು ಬಂದರು ಎಂಬುದನ್ನು ಯಾರಾದರೊಬ್ಬ ನಿರ್ದೇಶಕ ಎರಡು ಗಂಟೆಗಳ ಕಾಲ ನಿಧಾನವಾಗಿ ಹೇಳಬೇಕು. ಇನ್ನೊಂದು ಮಹಾಯಂತ್ರವನ್ನು ಸಿಡಿಸುವ ಚಿತ್ರಕ್ಕಿಂತ ಆ ಚಿತ್ರವನ್ನು ನಾನು ಹೆಚ್ಚು ಆದರದಿಂದ ಎದುರುನೋಡುತ್ತೇನೆ.